ಉಸಿರು ಕೇಳಿಸತೊಡಗಿದಾಗ: ಇಂಟೆಲ್ ಮ್ಯಾಕ್‌ನಿಂದ ಎಂ-ಸರಣಿಗೆ ಹೋದ ಒಂದು ಪ್ರಕರಣ

"14ನೇ ಪಾಠದಲ್ಲಿ ನನ್ನ ಉಸಿರು ಕೇಳಿಸ್ತಾ ಇದೆ."

ಗೆಳತಿ ಫೋನು ಮಾಡಿ ಹೇಳಿದ ಮೊದಲ ಮಾತು ಇದು. ಅವಳು ಧ್ವನಿಪಾಠ ಮಾಡುವವಳು. ಮೈಕಿನ ಮುಂದೆ ಕೂತು ತಾನೇ ಓದಿ, ತಾನೇ ಸಂಪಾದಿಸಿ, ಉಪಶೀರ್ಷಿಕೆಯನ್ನೂ ತಾನೇ ಕೂರಿಸಿ ಕಳಿಸುತ್ತಾಳೆ. 13 ಪಾಠಗಳು ಅವಳ ಹಳೆಯ ಇಂಟೆಲ್ ಮ್ಯಾಕ್‌ನಲ್ಲಿ ಮುಗಿದಿದ್ದವು. 14ನೆಯದನ್ನು ಓದಿ ರೆಕಾರ್ಡ್ ಮಾಡಿದ್ದು ಹಳೆಯದರಲ್ಲೇ, ಸಂಪಾದಿಸಿದ್ದು ಮಾತ್ರ ಹೊಸ ಎಂ-ಸರಣಿಯ ಮ್ಯಾಕ್‌ನಲ್ಲಿ. ಮೈಕು ಅದೇ, ಕೋಣೆ ಅದೇ, ಗಂಟಲೂ ಅದೇ. ಆದರೂ ಪ್ರತಿ ವಾಕ್ಯದ ಹಿಂದೆ ಒಂದು ಸಣ್ಣ ‘ಹಾ’.

ಕಾರಣ ಸಿಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಅವಳ ಆಡಿಯೊ ಆ್ಯಪ್‌ನಲ್ಲಿ ಧ್ವನಿಯ ಟ್ರ್ಯಾಕಿಗೆ ನಾಲ್ಕು ಪ್ಲಗಿನ್ (ಆ್ಯಪ್‌ಗೆ ಸೇರಿಸಿಕೊಳ್ಳುವ ಸಣ್ಣ ಉಪಕರಣ) ಸಾಲಾಗಿ ಕೂತಿರುತ್ತವೆ. ಎರಡನೆಯ ಖಾನೆಯಲ್ಲಿ ಉಸಿರು ತಗ್ಗಿಸುವ ಪ್ಲಗಿನ್‌ನ ಹೆಸರು ಇತ್ತು, ಆದರೆ ಬೂದು ಬಣ್ಣದಲ್ಲಿ. ಅಂದರೆ ಹೆಸರು ಮಾತ್ರ ಇದೆ, ಆಸಾಮಿ ಇಲ್ಲ. ಪ್ರಾಜೆಕ್ಟ್ ತೆರೆಯುವಾಗ ಒಂದು ಎಚ್ಚರಿಕೆಯ ಕಿಟಕಿ ಬಂದಿತ್ತಂತೆ, ಅವಳು ‘ಸರಿ’ ಒತ್ತಿ ಮುಚ್ಚಿದ್ದಳು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆ ಕಿಟಕಿಗಳು ಬರುವುದೇ ಮುಚ್ಚಿಸಿಕೊಳ್ಳುವುದಕ್ಕೆ.

ಹೊಸ ಪ್ರೊಸೆಸರ್‌ಗೆ ಹೊಂದುವ ತಂತ್ರಾಂಶ ಹುಡುಕುವುದು ಎಂದರೆ ಆ್ಯಪ್‌ಗಳ ಪಟ್ಟಿ ಹಿಡಿದು ‘ಇದು ಓಡುತ್ತದೆಯೇ, ಅದು ಓಡುತ್ತದೆಯೇ’ ಎಂದು ಕೇಳುವುದು ಅಂತ ನಾನೂ ಅಂದುಕೊಂಡಿದ್ದೆ. ಅವಳೂ ಕೊಳ್ಳುವ ಮೊದಲು ಅದನ್ನೇ ಮಾಡಿದ್ದಳು. ಆಡಿಯೊ ಆ್ಯಪ್ ಹೊಂದುತ್ತದೆ ಎಂದು ತಯಾರಕರೇ ಬರೆದಿದ್ದರು, ಅದು ಸುಳ್ಳೂ ಅಲ್ಲ. ಆ್ಯಪ್ ಚೆನ್ನಾಗಿಯೇ ಓಡುತ್ತಿತ್ತು. ಅದರ ಒಳಗೆ ಬಂದು ಕೂರುವವರ ವಿಚಾರವನ್ನು ಯಾರೂ ಕೇಳಿರಲಿಲ್ಲ.

ದುಭಾಷಿ ಎಲ್ಲಿ ನಿಲ್ಲುತ್ತಾನೆ

ಸ್ವಲ್ಪ ಹಿನ್ನೆಲೆ ಬೇಕು. ಇಂಟೆಲ್ ಮ್ಯಾಕ್‌ಗಳ ಪ್ರೊಸೆಸರ್ ಅರ್ಥಮಾಡಿಕೊಳ್ಳುವ ಆಜ್ಞೆಗಳ ಭಾಷೆ ಎಕ್ಸ್86-64. ಆಪಲ್ 2020ರ ಜೂನ್‌ನಲ್ಲಿ ಘೋಷಿಸಿ ಅದೇ ನವೆಂಬರ್‌ನಲ್ಲಿ ಎಂ1 ಚಿಪ್‌ನೊಂದಿಗೆ ಶುರುಮಾಡಿದ ಹೊಸ ಸಾಲಿನ ಭಾಷೆ ಆರ್ಮ್64. ಒಂದರ ಬೈನರಿ, ಅಂದರೆ ಪ್ರೊಸೆಸರ್ ನೇರವಾಗಿ ಓಡಿಸುವ ಕೋಡು, ಇನ್ನೊಂದಕ್ಕೆ ಅರ್ಥವಾಗದು. ನಡುವೆ ರೊಸೆಟಾ 2 ಎಂಬ ಅನುವಾದಕ ಕೂತಿದೆ. ಮೊದಲ ಸಲ ಇಂಟೆಲ್ ಆ್ಯಪ್ ತೆರೆದಾಗ ‘ರೊಸೆಟಾ ಹಾಕಿಕೊಳ್ಳಲೇ’ ಎಂದು ಯಂತ್ರ ಒಮ್ಮೆ ಕೇಳುತ್ತದೆ, ಆಮೇಲೆ ಅದರ ಸುದ್ದಿಯೇ ಇಲ್ಲ. ಆ್ಯಪ್‌ನ ಬಹುಪಾಲು ಕೋಡನ್ನು ಮುಂಚಿತವಾಗಿಯೇ ಅನುವಾದಿಸಿ ಇಟ್ಟುಕೊಳ್ಳುವುದರಿಂದ ಮೊದಲ ಸಲ ತೆರೆಯುವಾಗ ಮಾತ್ರ ಕೊಂಚ ತಡ. ಎರಡೂ ಭಾಷೆಯ ಕೋಡನ್ನು ಒಂದೇ ಆ್ಯಪ್‌ನಲ್ಲಿ ಕಟ್ಟಿಕೊಟ್ಟರೆ ಅದು ಯೂನಿವರ್ಸಲ್.

ಈ ದುಭಾಷಿಯ ಕೆಲಸ ಎಷ್ಟು ಚೆನ್ನಾಗಿದೆಯೆಂದರೆ, ಅವನು ಇದ್ದಾನೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಅವನದೊಂದು ಖಡಾಖಂಡಿತ ನಿಯಮವಿದೆ: ಒಂದು ಪ್ರೊಸೆಸ್‌ನೊಳಗೆ, ಅಂದರೆ ಓಡುತ್ತಿರುವ ಒಂದು ಪ್ರೋಗ್ರಾಮಿನೊಳಗೆ, ಒಂದೇ ಭಾಷೆ. ಇಡೀ ಪ್ರೊಸೆಸ್ ಇಂಟೆಲ್ ಆಗಿದ್ದರೆ ಪೂರ್ತಿ ಅನುವಾದಿಸುತ್ತಾನೆ, ಆರ್ಮ್ ಆಗಿದ್ದರೆ ತಲೆಹಾಕುವುದೇ ಇಲ್ಲ. ಅರ್ಧ ಅದು, ಅರ್ಧ ಇದು ಎಂಬ ಮಾತಿಲ್ಲ.

ಪ್ಲಗಿನ್ ಅಂದರೆ ಬೇರೊಬ್ಬರು ಬರೆದ ಕೋಡು ನಿಮ್ಮ ಆ್ಯಪ್‌ನ ಪ್ರೊಸೆಸ್‌ನೊಳಗೇ ಬಂದು ಓಡುವುದು. ಹೊಸ ಮ್ಯಾಕ್‌ನಲ್ಲಿ ಅವಳ ಆಡಿಯೊ ಆ್ಯಪ್ ಆರ್ಮ್ ಆಗಿ ಎದ್ದಿತು. ಉಸಿರಿನ ಪ್ಲಗಿನ್ ಇಂಟೆಲ್ ಮಾತ್ರ. ಬಾಗಿಲಲ್ಲೇ ತಡೆಯಾಯಿತು. ಆ್ಯಪ್ ಹಳೆಯದಾಗಿದ್ದು, ಇಂಟೆಲ್ ಆಗಿಯೇ ಉಳಿದಿದ್ದರೆ ಪ್ಲಗಿನ್ ಕೆಲಸ ಮಾಡುತ್ತಿತ್ತು! ಆ್ಯಪ್ ಹೊಸ ಪ್ರೊಸೆಸರ್‌ಗೆ ಸರಿಯಾಗಿ ಹೊಂದಿಕೊಂಡದ್ದೇ ಈ ತೊಂದರೆಯ ಮೂಲ.

ಆ ಸಂಜೆ ಮಾಡಿದ ತಾತ್ಕಾಲಿಕ ಉಪಾಯ ಎಲ್ಲರಿಗೂ ಗೊತ್ತಿರುವಂಥದ್ದು. ಫೈಂಡರ್‌ನಲ್ಲಿ ಆ್ಯಪ್ ಆರಿಸಿ ‘ಗೆಟ್ ಇನ್ಫೊ’ ತೆರೆದು, ‘ಓಪನ್ ಯೂಸಿಂಗ್ ರೊಸೆಟಾ’ ಎಂಬ ಚೌಕಕ್ಕೆ ಗುರುತು ಹಾಕಿದೆವು. (ಯೂನಿವರ್ಸಲ್ ಆ್ಯಪ್‌ಗೆ ಮಾತ್ರ ಈ ಚೌಕ ಕಾಣುತ್ತದೆ. ಬರೀ ಇಂಟೆಲ್ ಆ್ಯಪ್‌ಗೆ ಆಯ್ಕೆಯೇ ಇಲ್ಲವಲ್ಲ.) ಮತ್ತೆ ತೆರೆದಾಗ ಉಸಿರಿನ ಪ್ಲಗಿನ್ ಬಣ್ಣ ತುಂಬಿಕೊಂಡು ಬಂದು ಕೂತಿತು. ಅವಳು ಪಾಠ ಕೇಳಿ ಸಮಾಧಾನಪಟ್ಟಳು. ನಾನು ಬೀಗುತ್ತಿದ್ದೆ.

ಐದು ನಿಮಿಷ ಬಿಟ್ಟು ಅವಳು ಕೇಳಿದಳು: "ಮೀಟರ್ ಎಲ್ಲಿ ಹೋಯ್ತು?"

ನಾಲ್ಕನೆಯ ಖಾನೆಯಲ್ಲಿದ್ದ ಲೌಡ್‌ನೆಸ್ ಮೀಟರನ್ನು ಅವಳು ಹೊಸ ಮ್ಯಾಕ್‌ಗೆಂದೇ ಇಳಿಸಿಕೊಂಡಿದ್ದಳು. ಅದರ ತಯಾರಕರು ಎರಡು ಪ್ರತ್ಯೇಕ ಡೌನ್‌ಲೋಡ್ ಕೊಡುತ್ತಾರೆ, ಇವಳದ್ದು ಆರ್ಮ್‌ನದ್ದು ಮಾತ್ರ. ಈಗ ಆ್ಯಪ್ ಇಂಟೆಲ್ ವೇಷದಲ್ಲಿ ಎದ್ದಿತ್ತು, ಹಾಗಾಗಿ ಮೀಟರು ಹೊರಗೆ. ಒಬ್ಬರನ್ನು ಒಳಗೆ ಕರೆದರೆ ಇನ್ನೊಬ್ಬರು ಎದ್ದು ಹೋಗುತ್ತಾರೆ. ಅಲ್ಲಿಗೆ ಚೌಕಕ್ಕೆ ಗುರುತು ಹಾಕಿ ಬದುಕುವುದು ಪರಿಹಾರವಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಮರುದಿನ ಕೂತು ಇಡೀ ಯಂತ್ರದ ಲೆಕ್ಕ ತೆಗೆದೆವು.

ಎಣಿಕೆ

ಆಪಲ್ ಮೆನುವಿನಿಂದ ‘ಸಿಸ್ಟಮ್ ಇನ್ಫರ್ಮೇಶನ್’ ತೆರೆದು ಎಡಗಡೆ ‘ಅಪ್ಲಿಕೇಶನ್ಸ್’ ಒತ್ತಿದರೆ ಎಲ್ಲ ಆ್ಯಪ್‌ಗಳ ಪಟ್ಟಿ ಬರುತ್ತದೆ. ‘ಕೈಂಡ್’ ಎಂಬ ಕಾಲಮ್ಮಿನ ತಲೆಯ ಮೇಲೆ ಒಮ್ಮೆ ಒತ್ತಿದರೆ ಇಂಟೆಲ್‌ನವೆಲ್ಲ ಒಂದು ಕಡೆ ಸೇರುತ್ತವೆ. ಮ್ಯಾಕ್‌ನ ಜೊತೆಗೇ ಬರುವವುಗಳನ್ನು ಬಿಟ್ಟು, ಅವಳು ತಾನೇ ಹಾಕಿಕೊಂಡವು 41. ಅದರಲ್ಲಿ ಯೂನಿವರ್ಸಲ್ 22, ಆಪಲ್ ಸಿಲಿಕಾನ್‌ಗೆಂದೇ (ಅಂದರೆ ಎಂ-ಸರಣಿಗೆಂದೇ) ಮಾಡಿದ್ದು 4, ಇಂಟೆಲ್ 12. ಉಳಿದ 3ರ ಐಕಾನಿನ ಮೇಲೆ ಅಡ್ಡಗೆರೆ, ಅವು ತೆರೆಯುವುದೇ ಇಲ್ಲ.

ಆ ಮೂರರಿಂದ ಶುರುಮಾಡುತ್ತೇನೆ, ಯಾಕೆಂದರೆ ಇಲ್ಲೇ ಅತಿ ಹೆಚ್ಚು ಜನ ತಪ್ಪು ದಾರಿ ಹಿಡಿಯುವುದು. ಅವಳ ಹಳೆಯ ಮ್ಯಾಕ್ ಮೊಹಾವೆಯಲ್ಲೇ ನಿಂತಿತ್ತು, ಅಂದರೆ 2018ರ ಮ್ಯಾಕ್‌ಓಎಸ್ 10.14. 2019ರಲ್ಲಿ ಬಂದ ಕ್ಯಾಟಲಿನಾ 32-ಬಿಟ್ ಆ್ಯಪ್‌ಗಳಿಗೆ ಬಾಗಿಲು ಮುಚ್ಚಿತು. ಆಗ ಇನ್ನೂ ಎಂ1 ಬಂದೇ ಇರಲಿಲ್ಲ. ಅವಳ ಮೂರು ಆ್ಯಪ್‌ಗಳೂ 32-ಬಿಟ್. ಹೊಸ ಇಂಟೆಲ್ ಮ್ಯಾಕ್ ತಂದಿದ್ದರೂ ಅವು ಸಾಯುತ್ತಲೇ ಇದ್ದವು. ಒಂದೇ ದಿನ ಎರಡು ಜಿಗಿತ ಆಗಿದೆ: ಒಂದು ಪ್ರೊಸೆಸರ್‌ನದು, ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನದು. ಯಾವುದರಿಂದ ಯಾವುದು ಬಿತ್ತು ಎಂದು ಬಿಡಿಸಿಕೊಳ್ಳದಿದ್ದರೆ, ‘ಎಂ-ಸರಣಿಗೆ ಹೊಂದುವ ಆವೃತ್ತಿ’ ಎಂದು ತಿಂಗಳುಗಟ್ಟಲೆ ಹುಡುಕುತ್ತ ಕೂರಬೇಕಾಗುತ್ತದೆ. ಅವಳು ಮೂರರಲ್ಲಿ ಒಂದಕ್ಕೆ ಹಾಗೆಯೇ ಹುಡುಕುತ್ತಿದ್ದಳು. ಮೂರನ್ನೂ ಅಳಿಸಿದೆವು, ಎರಡನ್ನು ಅವಳು ವರ್ಷಗಳಿಂದ ಮುಟ್ಟಿಯೇ ಇರಲಿಲ್ಲ.

ಇನ್ನು ಇಂಟೆಲ್‌ನ 12. ಇವುಗಳಲ್ಲಿ 8ಕ್ಕೆ ಆರ್ಮ್ ಅಥವಾ ಯೂನಿವರ್ಸಲ್ ಆವೃತ್ತಿ ಆಗಲೇ ಇತ್ತು! ನಾಲ್ಕು ಹಳೆಯ ಯಂತ್ರದಿಂದ ಮೈಗ್ರೇಶನ್ ಅಸಿಸ್ಟೆಂಟ್ ಹೊತ್ತು ತಂದ ಹಳೆ ಆವೃತ್ತಿಗಳು. ಅದು ಇದ್ದದ್ದನ್ನು ಇದ್ದ ಹಾಗೆ ತರುತ್ತದೆ, ಭಾಷೆ ಕೇಳುವುದು ಅದರ ಕೆಲಸವಲ್ಲ. ಇನ್ನು ನಾಲ್ಕು ಅವಳು ಹೊಸ ಮ್ಯಾಕ್‌ನಲ್ಲೇ ಇಳಿಸಿಕೊಂಡವು. ಹೊಸ ಯಂತ್ರದಿಂದಲೇ ಇಳಿಸಿದರೂ ಇಂಟೆಲ್‌ನದೇ ಬಂದದ್ದು ಹೇಗೆ?

ಇದು ನನಗೆ ಈ ಪ್ರಕರಣದಲ್ಲಿ ತುಂಬ ಇಷ್ಟವಾದ ಭಾಗ. ಬ್ರೌಸರ್ ತನ್ನನ್ನು ವೆಬ್‌ಸೈಟಿಗೆ ಪರಿಚಯಿಸಿಕೊಳ್ಳುವಾಗ ಕಳಿಸುವ ಸಾಲಿನಲ್ಲಿ, ಯಂತ್ರ ಎಂ-ಸರಣಿಯದಾಗಿದ್ದರೂ ‘ಇಂಟೆಲ್ ಮ್ಯಾಕ್’ ಎಂದೇ ಬರೆದಿರುತ್ತದೆ. ಸಫಾರಿ, ಕ್ರೋಮ್ ಎರಡೂ ಹೀಗೆಯೇ. ಹಳೆಯ ವೆಬ್‌ಸೈಟುಗಳು ಮುರಿಯದಿರಲಿ ಎಂದು ಆ ಸಾಲನ್ನು ಹಾಗೇ ಉಳಿಸಿದ್ದಾರೆ. ಹಾಗಾಗಿ ‘ನಿಮ್ಮ ಮ್ಯಾಕ್‌ಗೆ ಡೌನ್‌ಲೋಡ್’ ಎಂಬ ಒಂದೇ ದೊಡ್ಡ ಗುಂಡಿ ಇರುವ ಕಡೆ, ಆ ಸಾಲನ್ನು ನಂಬಿದ ಸರ್ವರ್ ಇಂಟೆಲ್ ಫೈಲನ್ನೇ ಕೈಗಿಡಬಹುದು. ರೊಸೆಟಾ ಅದನ್ನು ಸದ್ದಿಲ್ಲದೆ ಓಡಿಸಿಬಿಡುತ್ತದೆ. ಗುಂಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಪಲ್ ಚಿಪ್‌ಗೆ’ ಎಂಬ ಇನ್ನೊಂದು ಕೊಂಡಿ ಇರುತ್ತದೆ. ಅದನ್ನು ಓದುವ ಪುಣ್ಯಾತ್ಮರು ಕಡಿಮೆ.

ಎಂಟನ್ನೂ ಒಂದು ಮಧ್ಯಾಹ್ನದಲ್ಲಿ ಬದಲಿಸಿದೆವು. ಇದರಲ್ಲಿ ಹೇಳುವಂಥದ್ದೇನಿಲ್ಲ. ಉಳಿದದ್ದು 4. ಎರಡಕ್ಕೆ ಬೇರೆ ಆ್ಯಪ್ ಸಿಕ್ಕಿತು, ಎರಡು ಹಾಗೇ ಉಳಿದವು, ಅವುಗಳ ಮಾತು ಕೊನೆಗೆ.

ಆದರೆ ಈ ಪಟ್ಟಿ ಪೂರ್ಣವಲ್ಲ. ಅದು ತೋರಿಸುವುದು ಆ್ಯಪ್‌ಗಳನ್ನು. ಪ್ಲಗಿನ್, ಡ್ರೈವರ್, ಹಿನ್ನೆಲೆಯಲ್ಲಿ ಓಡುವ ಸಹಾಯಕರು, ಟರ್ಮಿನಲ್‌ನಿಂದ ಹಾಕಿಕೊಂಡ ಉಪಕರಣಗಳು ಈ ಪಟ್ಟಿಗೆ ಬರುವುದಿಲ್ಲ. ಹಿನ್ನೆಲೆಯವರನ್ನು ಹಿಡಿಯಲು ಆಕ್ಟಿವಿಟಿ ಮಾನಿಟರ್‌ನಲ್ಲಿ ‘ಕೈಂಡ್’ ಕಾಲಮ್ ತೆರೆದು ಒಂದು ಗಂಟೆ ಎಂದಿನಂತೆ ಕೆಲಸ ಮಾಡಲು ಅವಳಿಗೆ ಹೇಳಿದೆ. ಒಂದು ಆ್ಯಪ್ ಯೂನಿವರ್ಸಲ್, ಅದರ ಅಪ್‌ಡೇಟರ್ ಮಾತ್ರ ಇಂಟೆಲ್, ಅಲ್ಲೇ ಮೂಲೆಯಲ್ಲಿ ಓಡುತ್ತ ಕೂತಿತ್ತು.

ಪ್ಲಗಿನ್‌ಗಳಿಗೆ ಕೈಕೆಲಸವೇ ಗತಿ. ಮ್ಯಾಕ್‌ನಲ್ಲಿ ಪ್ಲಗಿನ್ ಎಂದರೆ ಫೈಲಿನಂತೆ ಕಾಣುವ ಫೋಲ್ಡರ್. ಬಲ ಗುಂಡಿ ಒತ್ತಿ ‘ಶೋ ಪ್ಯಾಕೇಜ್ ಕಂಟೆಂಟ್ಸ್’ ಎಂದರೆ ಒಳಗೆ ‘ಕಂಟೆಂಟ್ಸ್’, ಅದರೊಳಗೆ ‘ಮ್ಯಾಕ್‌ಓಎಸ್’, ಅದರೊಳಗೆ ಅಸಲಿ ಬೈನರಿ. ಟರ್ಮಿನಲ್‌ನಲ್ಲಿ ‘ಫೈಲ್’ ಎಂದು ಟೈಪಿಸಿ, ಒಂದು ಜಾಗ ಬಿಟ್ಟು, ಆ ಬೈನರಿಯನ್ನು ಎಳೆದು ಬಿಟ್ಟು ಎಂಟರ್ ಒತ್ತಿದರೆ ಜಾತಕ ಹೊರಬೀಳುತ್ತದೆ: ಎಕ್ಸ್86_64, ಅಥವಾ ಆರ್ಮ್64, ಅಥವಾ ಎರಡೂ. ಹನ್ನೊಂದು ಪ್ಲಗಿನ್‌ಗಳಲ್ಲಿ ಐದು ಎರಡನ್ನೂ ಹೊತ್ತಿದ್ದವು. ನಾಲ್ಕು ಇಂಟೆಲ್, ಆದರೆ ಉಚಿತ ಅಪ್‌ಡೇಟ್ ಇತ್ತು. ಒಂದು ಆರ್ಮ್ ಮಾತ್ರ, ಅದೇ ಮೀಟರು. ಹನ್ನೊಂದನೆಯದು ಉಸಿರಿನದು. ಇಂಟೆಲ್ ಮಾತ್ರ, ಮಾಡಿದವರು ಅಂಗಡಿ ಮುಚ್ಚಿ ಹೋಗಿದ್ದರು.

ಅದು ಆಡಿಯೊ ಯೂನಿಟ್ಸ್ ಎಂಬ, ಆಪಲ್‌ನದೇ ಪ್ಲಗಿನ್ ಮಾದರಿಯದಾಗಿದ್ದರೆ ಒಂದು ಕಿಂಡಿ ಇತ್ತು. ಆ ಮಾದರಿಯ ಇಂಟೆಲ್ ಪ್ಲಗಿನ್ನನ್ನು ಮ್ಯಾಕ್‌ಓಎಸ್ ಪ್ರತ್ಯೇಕ ಪ್ರೊಸೆಸ್‌ನಲ್ಲಿ, ರೊಸೆಟಾ ಕೆಳಗೆ ಓಡಿಸಿ, ಧ್ವನಿಯನ್ನು ಮಾತ್ರ ಆಚೀಚೆ ದಾಟಿಸಬಲ್ಲದು. ಆಪಲ್‌ನ ಆಡಿಯೊ ಆ್ಯಪ್ ಲಾಜಿಕ್ ಪ್ರೊನಲ್ಲಿ ಹಳೆಯ ಪ್ಲಗಿನ್‌ಗಳು ಉಳಿದುಕೊಂಡದ್ದು ಹೀಗೆ. ಒಂದು ಪ್ರೊಸೆಸ್‌ಗೆ ಒಂದೇ ಭಾಷೆ ಎಂಬ ನಿಯಮ ಮುರಿಯಲಿಲ್ಲ, ಭಿನ್ನ ಭಾಷೆಯವನಿಗೆ ಪಕ್ಕದಲ್ಲೊಂದು ಕೋಣೆ ಕೊಟ್ಟರು ಅಷ್ಟೇ. ಇವಳದ್ದು ವಿಎಸ್‌ಟಿ ಎಂಬ ಇನ್ನೊಂದು ಪ್ಲಗಿನ್ ಮಾದರಿ, ಇವಳ ಆ್ಯಪ್‌ನಲ್ಲಿ ಅಂಥ ಕೋಣೆ ಇರಲಿಲ್ಲ.

ಉಳಿದದ್ದು ಎರಡು ದಾರಿ. ಆಡಿಯೊ ಆ್ಯಪನ್ನು ಕಾಯಂ ಆಗಿ ರೊಸೆಟಾದಲ್ಲಿ ಇಟ್ಟು, ಮೀಟರಿನ ಇಂಟೆಲ್ ಆವೃತ್ತಿ ತಂದು, ಎಲ್ಲರನ್ನೂ ಹಳೆಯ ಭಾಷೆಯಲ್ಲೇ ಕೂರಿಸುವುದು. ಇಲ್ಲವೇ ಆ ಪ್ಲಗಿನ್ನಿನ ಕೆಲಸವನ್ನು ಹಳೆಯ ಯಂತ್ರದಲ್ಲೇ ಮುಗಿಸಿ, ಫಲವನ್ನಷ್ಟೇ ತರುವುದು. ಎರಡನೆಯದೇ ಸರಿ ಎಂದು ನಾನು ಪಟ್ಟು ಹಿಡಿದೆ. ಅವಳು ಹಳೆಯ ಮ್ಯಾಕ್ ತೆರೆದು 14 ಪಾಠಗಳ ಧ್ವನಿ ಟ್ರ್ಯಾಕುಗಳನ್ನು ಉಸಿರು ತಗ್ಗಿಸಿದ ಸ್ಥಿತಿಯಲ್ಲೇ ವೇವ್ ಫೈಲುಗಳಾಗಿ ಹೊರತೆಗೆದಳು. ಮುಂದೆ ಯಾವ ಪಾಠ ತಿದ್ದಬೇಕಾದರೂ ಆ ಪ್ಲಗಿನ್ ಬೇಕಾಗುವುದಿಲ್ಲ. ಅದೃಷ್ಟಕ್ಕೆ ಹಳೆಯ ಯಂತ್ರ ಇನ್ನೂ ಮನೆಯಲ್ಲಿತ್ತು. ಅದನ್ನು ಕೊಟ್ಟುಬಿಡುವ ಮಾತಾಗಿ, ಡಿಸ್ಕ್ ಅಳಿಸುವುದೊಂದೇ ಬಾಕಿ ಇತ್ತಂತೆ.

ನಾನು ವ್ಯರ್ಥ ಮಾಡಿದ ಒಂದು ಸಂಜೆ

15ನೇ ಪಾಠ ಓದಲು ಕೂತಾಗ ಆಡಿಯೊ ಇಂಟರ್‌ಫೇಸ್ ಕೈಕೊಟ್ಟಿತು. ಮೈಕಿನ ತಂತಿ ಸೇರುವ ಆ ಪೆಟ್ಟಿಗೆಯ ಜೊತೆ ಬಂದ ನಿಯಂತ್ರಣದ ಆ್ಯಪ್ ಇಂಟೆಲ್‌ನದು. ರೊಸೆಟಾದಲ್ಲಿ ಚೆಂದವಾಗಿ ತೆರೆಯಿತು, ಎಲ್ಲ ಗುಂಡಿಗಳೂ ಕಂಡವು, ನಡುವೆ ಒಂದು ಸಾಲು: ಯಾವ ಸಾಧನವೂ ಸಿಗಲಿಲ್ಲ. ಕೇಬಲ್ ಬದಲಿಸಿದಳು, ಪೋರ್ಟ್ ಬದಲಿಸಿದಳು, ಯಂತ್ರವನ್ನು ಮತ್ತೆ ಶುರುಮಾಡಿದಳು.

ಹಳೆಯ ಡ್ರೈವರ್ ಅಂದರೆ ಅನುಮತಿಯ ತಕರಾರು ಇರಬೇಕು ಎಂದು ನಾನು ತೀರ್ಮಾನಿಸಿದೆ. ಮ್ಯಾಕ್ ಆರಿಸಿ, ಪವರ್ ಗುಂಡಿ ಒತ್ತಿ ಹಿಡಿದು ರಿಕವರಿಗೆ ಹೋಗಿ, ‘ಸ್ಟಾರ್ಟಪ್ ಸೆಕ್ಯುರಿಟಿ ಯುಟಿಲಿಟಿ’ಯಲ್ಲಿ ‘ರಿಡ್ಯೂಸ್ಡ್ ಸೆಕ್ಯುರಿಟಿ’ ಆರಿಸಿ, ಹೊರಗಿನವರ ಕರ್ನಲ್ ಎಕ್ಸ್‌ಟೆನ್ಶನ್‌ಗಳಿಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ಸೇರುವ ಕೋಡು) ಅವಕಾಶ ಕೊಡಿಸಿದೆ. ಮೂರು ಸಲ ರೀಸ್ಟಾರ್ಟ್, ಡ್ರೈವರ್ ಮರುಸ್ಥಾಪನೆ, ಮತ್ತೊಂದು ರೀಸ್ಟಾರ್ಟ್. ಸಾಧನ ಸಿಗಲಿಲ್ಲ. ಮೊದಲೇ ಮಾಡಬೇಕಿದ್ದ ಕೆಲಸ ಆಮೇಲೆ ಹೊಳೆಯಿತು. ಆ ಎಕ್ಸ್‌ಟೆನ್ಶನ್‌ನ ಬೈನರಿಯನ್ನು ‘ಫೈಲ್’ ಆಜ್ಞೆಗೆ ಕೊಟ್ಟೆ. ಬಂದ ಉತ್ತರ ಎಕ್ಸ್86_64, ಅಷ್ಟೇ.

ಅನುಮತಿ ಎಷ್ಟು ಕೊಟ್ಟರೇನು, ಕರ್ನಲ್ ಆರ್ಮ್‌ನದು. ರೊಸೆಟಾ ಕರ್ನಲ್ ಎಕ್ಸ್‌ಟೆನ್ಶನ್‌ಗಳನ್ನು ಅನುವಾದಿಸುವುದೇ ಇಲ್ಲ. ಮತ್ತೆ ಅದೇ ನಿಯಮ: ಎಕ್ಸ್‌ಟೆನ್ಶನ್ ಎಂದರೆ ಕರ್ನಲ್‌ನೊಳಗೆ ಕೂರುವ ಪ್ಲಗಿನ್ ಅಲ್ಲದೆ ಇನ್ನೇನು. ನಿಯಂತ್ರಣದ ಆ್ಯಪ್ ಹೊರಗಿನದು, ಆದ್ದರಿಂದ ತೆರೆಯಿತು. ಅದು ಮಾತಾಡಬೇಕಾದ ಡ್ರೈವರ್ ಒಳಗಿನದು, ಆದ್ದರಿಂದ ಹುಟ್ಟಲೇ ಇಲ್ಲ. ಭದ್ರತೆಯ ಮಟ್ಟವನ್ನು ಮೊದಲಿದ್ದ ಕಡೆಗೆ ವಾಪಸು ತಂದೆ. ಇಂಥದ್ದನ್ನು ಸಡಿಲಿಸಿ ಮರೆತುಬಿಡುವುದು ನನಗಿಂತ ದೊಡ್ಡ ತಪ್ಪು ಮಾಡುವವರ ಕೆಲಸ.

ತಯಾರಕರಿಗೆ ಬರೆದಾಗ ಆ ಮಾದರಿಗೆ ಹೊಸ ಡ್ರೈವರ್ ಬರುವುದಿಲ್ಲ ಎಂಬ ಉತ್ತರ ಬಂತು. ಪರಿಹಾರ ಇದ್ದದ್ದು ಪೆಟ್ಟಿಗೆಯ ಕೈಪಿಡಿಯಲ್ಲೇ, ಹಿಂದಿನ ಪುಟಗಳಲ್ಲಿ. ಮುಂಭಾಗದ ಗುಂಡಿಯನ್ನು ಒತ್ತಿ ಹಿಡಿದು ಚಾಲೂ ಮಾಡಿದರೆ ಪೆಟ್ಟಿಗೆ ‘ಕ್ಲಾಸ್ ಕಂಪ್ಲಯಂಟ್’ ಸ್ಥಿತಿಯಲ್ಲಿ ಏಳುತ್ತದೆ. ಅಂದರೆ ಯುಎಸ್‌ಬಿ ಆಡಿಯೊ ಎಂಬ ಸಾರ್ವತ್ರಿಕ ಶಿಷ್ಟ ಭಾಷೆಯಲ್ಲಿ ಮಾತಾಡುತ್ತದೆ, ಅದಕ್ಕೆ ಬೇಕಾದ ಡ್ರೈವರ್ ಮ್ಯಾಕ್‌ಓಎಸ್‌ನಲ್ಲೇ ಇದೆ. ಪೆಟ್ಟಿಗೆಯ ಒಳಗಿನ ಮಿಕ್ಸರ್ ಕೈತಪ್ಪಿತು. ಒಂದೇ ಮೈಕಿನಲ್ಲಿ ಓದುವವಳಿಗೆ ಅದು ಯಾವತ್ತೂ ಬೇಕಾಗಿರಲಿಲ್ಲ. ಪ್ರಿಂಟರ್ ಕೂಡ ಇದೇ ಬಗೆ: ಹಳೆಯ ಡ್ರೈವರ್ ಅಳಿಸಿ ಏರ್‌ಪ್ರಿಂಟ್ ಮೂಲಕ ಸೇರಿಸಿದ ಕೂಡಲೇ ಸರಿಹೋಯಿತು. ಯಂತ್ರಾಂಶ ಕೊಳ್ಳುವಾಗ ನಾನು ಈಗ ನೋಡುವುದು ಇದೊಂದನ್ನೇ, ತನ್ನದೇ ಡ್ರೈವರ್ ಇಲ್ಲದೆ ಅದು ಎಷ್ಟು ಕೆಲಸ ಮಾಡುತ್ತದೆ.

ಟರ್ಮಿನಲ್ ಹೇಳಿದ ಸುಳ್ಳು

ಉಪಶೀರ್ಷಿಕೆಗೆ ಅವಳದೊಂದು ಪೈಥಾನ್ ಸ್ಕ್ರಿಪ್ಟ್ ಇದೆ. ಧ್ವನಿಯನ್ನು ಮೌನವಿರುವ ಕಡೆ ಕತ್ತರಿಸಿ, ಸಮಯ ಗುರುತುಹಾಕಿ ಕೊಡುತ್ತದೆ. ಹೊಸ ಯಂತ್ರದಲ್ಲಿ ಅದು ಒಂದು ದಿನ ಓಡುತ್ತಿತ್ತು, ಮರುದಿನ ಬೀಳುತ್ತಿತ್ತು. ಬಿದ್ದಾಗ ಬರುವ ದೋಷದ ಸಾಲಿನ ತಾತ್ಪರ್ಯ: ‘ಹೊಂದದ ಆರ್ಕಿಟೆಕ್ಚರ್, ಇರುವುದು ಎಕ್ಸ್86_64, ಬೇಕಾದದ್ದು ಆರ್ಮ್64’. ಪೈಥಾನ್‌ನಲ್ಲಿ ಲೆಕ್ಕಕ್ಕೆ ಬಳಸುವ ನಂಪೈ ಗ್ರಂಥಾಲಯವನ್ನು ಕರೆಯುವ ಸಾಲಿನಲ್ಲೇ ಬೀಳುತ್ತಿತ್ತು. ಯಾಕೆಂದು ಈ ಹೊತ್ತಿಗೆ ಓದುಗರಿಗೇ ಗೊತ್ತಾಗಿರಬಹುದು. ನಂಪೈಯ ಹೊಟ್ಟೆಯೊಳಗೆ ಇರುವುದು ಕಂಪೈಲ್ ಮಾಡಿದ ಸಿ ಕೋಡು, ಅದು ಪೈಥಾನ್‌ನ ಪ್ರೊಸೆಸ್‌ನೊಳಗೆ ಬಂದು ಕೂರುತ್ತದೆ.

ವಿಚಿತ್ರವೆಂದರೆ ದಿನಕ್ಕೊಂದು ವರ್ತನೆ. ಟರ್ಮಿನಲ್ ತೆರೆದು ‘ಯುನೇಮ್ -ಎಂ’ ಎಂದು ಕೇಳಿದರೆ ಬಂದ ಉತ್ತರ ಎಕ್ಸ್86_64. ಎಂ-ಸರಣಿಯ ಯಂತ್ರ, ತಾನು ಇಂಟೆಲ್ ಎನ್ನುತ್ತಿದೆ! ಅವಳಿಗೆ ಯಾರೋ ಕೊಟ್ಟ ಹಳೆಯ ಸಲಹೆಯಂತೆ ಟರ್ಮಿನಲ್ ಆ್ಯಪ್‌ಗೇ ರೊಸೆಟಾದ ಚೌಕ ಗುರುತು ಮಾಡಿದ್ದಳು. 2020ರ ಕೊನೆಯಲ್ಲಿ, ಉಪಕರಣಗಳೇ ಸಿದ್ಧವಾಗಿರದ ಕಾಲಕ್ಕೆ ಅದು ಒಳ್ಳೆಯ ಸಲಹೆಯೇ. ಈಗ ಅದು ಬರೀ ಗೊಂದಲ. ಟರ್ಮಿನಲ್ ರೊಸೆಟಾದಲ್ಲಿ ಎದ್ದರೆ ಅದು ಹುಟ್ಟುಹಾಕುವ ಶೆಲ್, ಪೈಥಾನ್ ಎಲ್ಲವೂ ಸಾಧ್ಯವಾದ ಮಟ್ಟಿಗೆ ಇಂಟೆಲ್ ವೇಷದಲ್ಲೇ ಏಳುತ್ತವೆ. ಆಗ ಹಾಕಿಕೊಂಡ ನಂಪೈ ಇಂಟೆಲ್‌ನದು. ಮರುದಿನ ಅವಳು ಸ್ಕ್ರಿಪ್ಟನ್ನು ಕೋಡ್ ಎಡಿಟರ್ ಒಳಗಿಂದ ಓಡಿಸುತ್ತಾಳೆ. ಎಡಿಟರ್ ಆರ್ಮ್, ಅದರ ಪೈಥಾನ್ ಆರ್ಮ್, ನಂಪೈ ನಿನ್ನೆಯ ಇಂಟೆಲ್. ಬಿತ್ತು.

ಇದರ ಮೇಲೆ, ಟರ್ಮಿನಲ್‌ನ ಉಪಕರಣಗಳನ್ನು ತಂದು ಹಾಕಿಕೊಡುವ ಹೋಮ್‌ಬ್ರೂ ಬೇರೆ ಎರಡೆರಡು ಇದ್ದವು. ಇಂಟೆಲ್‌ನಲ್ಲಿ ಹೋಮ್‌ಬ್ರೂ ‘/ಯುಎಸ್ಆರ್/ಲೋಕಲ್’ ಕೆಳಗೆ ಕೂರುತ್ತದೆ, ಆಪಲ್ ಸಿಲಿಕಾನ್‌ನಲ್ಲಿ ‘/ಆಪ್ಟ್/ಹೋಮ್‌ಬ್ರೂ’ ಕೆಳಗೆ. ಎರಡೂ ಒಂದೇ ಯಂತ್ರದಲ್ಲಿ ಇರಬಹುದಾದ್ದರಿಂದಲೇ ಜಾಗ ಬೇರೆ ಮಾಡಿದ್ದು, ಜಾಣ ನಿರ್ಧಾರ. ಆದರೆ ಸ್ಥಳಾಂತರದಲ್ಲಿ ಹಳೆಯದು ಪೂರ್ತಿ ಬಂದಿತ್ತು, ಉಪಕರಣವನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿಯಾದ ಪಾಥ್‌ನಲ್ಲಿ ಅದೇ ಮೊದಲು ಸಿಗುತ್ತಿತ್ತು.

ಒಂದೊಂದೇ ಗ್ರಂಥಾಲಯವನ್ನು ತೇಪೆ ಹಾಕಿ ಸರಿಮಾಡುವ ಆಸೆ ಬರುತ್ತದೆ. ಬೇಡ. ನಾವು ಚೌಕದ ಗುರುತು ತೆಗೆದು, ಹಳೆಯ ಹೋಮ್‌ಬ್ರೂನಲ್ಲಿ ಏನೇನಿತ್ತೆಂದು ಪಟ್ಟಿ ಬರೆದುಕೊಂಡು, ಅದನ್ನು ಪೂರ್ತಿ ಕಿತ್ತುಹಾಕಿ, ಹೊಸದು ಹಾಕಿ, ಸ್ಕ್ರಿಪ್ಟಿನ ವರ್ಚುಯಲ್ ಎನ್ವಿರಾನ್‌ಮೆಂಟ್ (ಅದರ ಗ್ರಂಥಾಲಯಗಳಿರುವ ಫೋಲ್ಡರ್) ಅಳಿಸಿ ಮತ್ತೆ ಕಟ್ಟಿದೆವು. ಪೈಥಾನ್ 3.9.1ರಿಂದ, ಅಂದರೆ 2020ರ ಡಿಸೆಂಬರ್‌ನಿಂದ, ಅಧಿಕೃತ ಸ್ಥಾಪಕವೇ ಯೂನಿವರ್ಸಲ್ ಆಗಿ ಸಿಗುತ್ತಿದೆ. ನಂಪೈಯಂಥವು ಸಿದ್ಧ ಆರ್ಮ್ ಕಟ್ಟುಗಳಾಗಿಯೇ ಬರುತ್ತವೆ. ಮೂಲ ಕೋಡು ತೆರೆದಿರುವ ತಂತ್ರಾಂಶದ ಲಾಭ ಇಲ್ಲಿ ಕಾಣುತ್ತದೆ. ಮಾಡಿದವರು ಆಸಕ್ತಿ ಕಳೆದುಕೊಂಡರೂ ಇನ್ಯಾರೋ ಹೊಸ ಭಾಷೆಗೆ ಕಂಪೈಲ್ ಮಾಡಿರುತ್ತಾರೆ. ಉಸಿರಿನ ಪ್ಲಗಿನ್‌ಗೆ ಆ ಭಾಗ್ಯ ಇರಲಿಲ್ಲ.

ಪಟ್ಟಿಯಲ್ಲಿ ಒಂದು ವಿಂಡೋಸ್ ಆ್ಯಪ್ ಕೂಡ ಇತ್ತು, ಅವಳ ಧ್ವನಿಸಂಗ್ರಹದ ಸೂಚಿ. ಹಳೆಯ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಮೂಲಕ ವಿಂಡೋಸ್‌ಗೆ ಹೋಗಿ ತೆರೆಯುತ್ತಿದ್ದಳು. ಆಪಲ್ ಸಿಲಿಕಾನ್‌ನಲ್ಲಿ ಬೂಟ್ ಕ್ಯಾಂಪ್ ಇಲ್ಲ. ಅವಳ ಹಳೆಯ ವರ್ಚುಯಲ್ ಯಂತ್ರದ (ಮ್ಯಾಕ್‌ನೊಳಗೆ ಆ್ಯಪ್‌ನಂತೆ ಓಡುವ ಇನ್ನೊಂದು ಕಂಪ್ಯೂಟರಿನ) ಫೈಲೂ ನಿರುಪಯೋಗಿ, ಯಾಕೆಂದರೆ ಎಕ್ಸ್86-64 ಯಂತ್ರವನ್ನು ನಡೆಸುವ ವರ್ಚುಯಲೈಸೇಶನ್ ಆ್ಯಪ್‌ಗಳೂ ರೊಸೆಟಾದ ವ್ಯಾಪ್ತಿಗೆ ಬರುವುದಿಲ್ಲ. ಪ್ಯಾರಲಲ್ಸ್ ಎಂಬ ವರ್ಚುಯಲೈಸೇಶನ್ ಆ್ಯಪ್‌ನಲ್ಲಿ ವಿಂಡೋಸ್ 11ರ ಆರ್ಮ್ ಆವೃತ್ತಿ ಹಾಕಿದೆವು. ಮ್ಯಾಕ್ ಮೇಲೆ ಇದನ್ನು ಹೀಗೆ ಓಡಿಸಲು ಮೈಕ್ರೋಸಾಫ್ಟ್ 2023ರಲ್ಲಿ ಅಧಿಕೃತವಾಗಿ ಒಪ್ಪಿದೆ. ಆ ವಿಂಡೋಸ್‌ನೊಳಗೆ ಅದರದೇ ದುಭಾಷಿ ಇದ್ದಾನೆ, ಇಂಟೆಲ್ ವಿಂಡೋಸ್ ಆ್ಯಪ್‌ಗಳನ್ನು ಅವನು ನಡೆಸುತ್ತಾನೆ. ಸೂಚಿ ತೆರೆಯಿತು. ಅವನೂ ಡ್ರೈವರ್‌ಗಳನ್ನು ಮಾತ್ರ ಮುಟ್ಟುವುದಿಲ್ಲ, ಬೇರೆ ಕಂಪನಿ, ಬೇರೆ ಅನುವಾದಕ, ಆದರೆ ಗೆರೆ ಎಳೆದದ್ದು ಅದೇ ಜಾಗದಲ್ಲಿ. ಅವಳ ಸೂಚಿಗೆ ಡ್ರೈವರ್ ಬೇಕಿರಲಿಲ್ಲ.

ಉಳಿದ ಎರಡು

‘ಓಡುತ್ತಿದೆಯಲ್ಲ, ಬಿಡು’ ಎಂದು ಇಂಟೆಲ್ ಆ್ಯಪ್‌ಗಳನ್ನು ಹಾಗೇ ಇಟ್ಟುಕೊಳ್ಳುವುದರಲ್ಲಿ ನನಗೆ ತಾತ್ವಿಕ ಆಕ್ಷೇಪವೇನಿಲ್ಲ. ಕಷ್ಟವಿರುವುದು ಗಡುವಿನಲ್ಲಿ. ಮ್ಯಾಕ್ ಲೋಕಕ್ಕೆ ಇದು ಎರಡನೆಯ ರೊಸೆಟಾ. ಮೊದಲನೆಯದು 2006ರಲ್ಲಿ ಪವರ್‌ಪಿಸಿಯಿಂದ ಇಂಟೆಲ್‌ಗೆ ಹೋದಾಗ ಬಂದು, 2011ರ ಲಯನ್ ಆವೃತ್ತಿಯಲ್ಲಿ ಮಾಯವಾಯಿತು. ಐದು ವರ್ಷ. ಈಗಿನದಕ್ಕೂ ದಿನ ಗೊತ್ತಾಗಿದೆ. ಆಪಲ್ 2025ರ ಜೂನ್‌ನಲ್ಲಿ ಹೇಳಿದಂತೆ, ಮ್ಯಾಕ್‌ಓಎಸ್ 27ರವರೆಗೆ ರೊಸೆಟಾ ಎಲ್ಲ ಆ್ಯಪ್‌ಗಳಿಗೂ ಲಭ್ಯ. ಆಮೇಲೆ, ಯಾರೂ ನೋಡಿಕೊಳ್ಳದ ಕೆಲವು ಹಳೆಯ ಗೇಮ್‌ಗಳ ಸಲುವಾಗಿ ಒಂದು ತುಣುಕನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಇಂಟೆಲ್ ಮ್ಯಾಕ್‌ಗಳಿಗೆ ಮ್ಯಾಕ್‌ಓಎಸ್ 26 ಕೊನೆಯದು.

ಹಾಗಾಗಿ ‘ಹೊಂದುತ್ತದೆ’ ಎಂಬ ಪದವನ್ನು ಅವಳ ಪಟ್ಟಿಯಿಂದಲೇ ತೆಗೆಸಿದೆ. ತಯಾರಕರು ಆ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತಾರೆ: ಹೊಸ ಭಾಷೆಯಲ್ಲೇ ಬರೆದಿದ್ದೇವೆ ಅಂತಲೂ ಆಗಬಹುದು, ರೊಸೆಟಾದಲ್ಲಿ ಓಡಿಸಿ ನೋಡಿದೆವು, ಬೀಳಲಿಲ್ಲ ಅಂತಲೂ ಆಗಬಹುದು. ಎರಡನೆಯದು ಗಡುವಿರುವ ಹೊಂದಾಣಿಕೆ. ‘ನೇಟಿವ್’ ಅಥವಾ ‘ಯೂನಿವರ್ಸಲ್’ ಎಂಬ ಪದ ಸಿಗದಿದ್ದರೆ ಎರಡನೆಯದೇ ಎಂದು ಹಿಡಿಯುತ್ತೇನೆ. ಯಾವ ಆ್ಯಪ್ ಆರ್ಮ್‌ಗೆ ಸಿದ್ಧವಿದೆ ಎಂದು ಹೇಳುವ ‘ಡಸ್ ಇಟ್ ಆರ್ಮ್’ನಂಥ ಪಟ್ಟಿಗಳು ಹುಡುಕಾಟ ಶುರುಮಾಡಲು ಒಳ್ಳೆಯವು, ಆದರೆ ಕೊನೆಯ ಮಾತು ಬೈನರಿಯದ್ದೇ.

ಉಳಿದ ಎರಡರಲ್ಲಿ ಒಂದು, ಅವಳ ಹಳೆಯ ಕೈಯಲ್ಲಿ ಹಿಡಿಯುವ ರೆಕಾರ್ಡರಿನಿಂದ ಫೈಲು ತೆಗೆಯುವ ಆ್ಯಪ್. ಅದನ್ನು ತೆರೆಯುವುದು ವರ್ಷಕ್ಕೆ ಎರಡೋ ಮೂರೋ ಸಲ. ರೆಕಾರ್ಡರಿನಲ್ಲಿ ಇನ್ನೂ ಇರುವುದನ್ನೆಲ್ಲ ಈಗಲೇ ತೆಗೆದಿಟ್ಟರೆ ಆ್ಯಪ್ ಬೇಕಾಗಿಲ್ಲ, ಒಂದು ಭಾನುವಾರದ ಕೆಲಸ, ಅವಳು ಇನ್ನೂ ಮಾಡಿಲ್ಲ. ಇನ್ನೊಂದು, ಮುದ್ರಿಸಿದ ಪಾಠಗಳ ಪುಟ ಕಟ್ಟುವ ಸಣ್ಣ ಉಪಕರಣ. ಒಬ್ಬರೇ ಬರೆದು ಉಚಿತವಾಗಿ ಕೊಟ್ಟದ್ದು. ಅವರಿಗೆ ಪತ್ರ ಹಾಕಿದಾಗ, ತಮ್ಮ ಬಳಿ ಹೊಸ ಮ್ಯಾಕ್ ಇಲ್ಲ, ಕಟ್ಟಿಕೊಟ್ಟರೆ ಪರೀಕ್ಷಿಸಿ ಹೇಳುವಿರಾ ಎಂದು ಕೇಳಿದ್ದಾರೆ. ಅವಳು ಹೂಂ ಅಂದಿದ್ದಾಳೆ.

ಉಸಿರಿಗೆ ಬೇರೆ ಪ್ಲಗಿನ್ ಸಿಕ್ಕಿದೆ, ಯೂನಿವರ್ಸಲ್. ಹಳೆಯದಕ್ಕಿಂತ ಒರಟು. ಜೋರಾಗಿ ಇಟ್ಟರೆ ವಾಕ್ಯದ ಮೊದಲಕ್ಷರದ ತುದಿಯನ್ನೂ ಕೊಯ್ಯುತ್ತದೆ, ‘ಹಕ್ಕಿ’ ಅಂದದ್ದು ‘ಅಕ್ಕಿ’ ಎಂದು ಕೇಳಿಸುತ್ತದೆ. ಅವಳು ಅದನ್ನು ಅರ್ಧಕ್ಕೆ ಇಳಿಸಿ ಇಟ್ಟಿದ್ದಾಳೆ. ಹದಿನೈದನೆಯ ಪಾಠದಿಂದ ಅವಳ ಉಸಿರು ಸ್ವಲ್ಪ ಕೇಳಿಸುತ್ತದೆ.